ಕಥೆಯ ಹುಡುಗಿಗೆ ಸಮಾಧಿ ಇದೆ, ನಿಜವಾಗಿ ಬಂದವರಿಗೆ ನಿಮ್ಮ ಕರಪತ್ರದಲ್ಲಿ ಒಂದು ಸಾಲೂ ಇಲ್ಲ: ಕನ್ನಡ ಕೂಟದ ಪ್ರವಾಸ ಸಮಿತಿಗೆ ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಕನ್ನಡ ಕೂಟದ ಪ್ರವಾಸ ಸಮಿತಿಯ ಅಧ್ಯಕ್ಷರಿಗೂ ಸದಸ್ಯರಿಗೂ, ಹಾಗೇನೇ ಟೆಕ್ಸಾಸ್ ಕಡೆಯಿಂದ ಬಸ್ ಮಾಡ್ಕೊಂಡು ಲೂಯಿಸಿಯಾನಾ ನೋಡೋಕ್ಕೆ ಹೋಗೋ ಎಲ್ಲಾ ಕನ್ನಡ ಬಳಗದವರಿಗೂ ನನ್ನ ನಮಸ್ಕಾರಗಳು. ನಾನು ಬೆಳ್ತಂಗಡಿ ತಾಲೂಕಿನ ಒಂದು ಹೈಸ್ಕೂಲಲ್ಲಿ 31 ವರ್ಷ ಸಮಾಜ ಪಾಠ ಮಾಡಿ ರಿಟೈರ್ ಆದವಳು. ಹ್ಯೂಸ್ಟನ್ನಿಗೆ ಮಗನ ಮನೆಗೆ ಅಂತ ಬಂದು ಐದು ತಿಂಗಳಾಯ್ತು, ಹೋದ ಲಾಂಗ್ ವೀಕೆಂಡಲ್ಲಿ ನೀವು ಮಾಡಿಸಿದ ನ್ಯೂ ಆರ್ಲಿಯನ್ಸ್ ಟ್ರಿಪ್ಪಿನ ಬಸ್ಸಲ್ಲಿ ನಾನೂ ಇದ್ದೆ. ಆ ಟ್ರಿಪ್ಪಲ್ಲಿ ಕೊಟ್ಟ ಕರಪತ್ರದ ತಪ್ಪುಗಳ ವಿಷಯ ಗ್ರೂಪಲ್ಲಿ ಎರಡು ಸಲ ಬರೆದೆ, ಒಂದು ಹೆಬ್ಬೆಟ್ಟಿನ ಚಿತ್ರ ಬಂತು, ಇನ್ನೊಂದು ಸಲ "ಆಂಟಿ ನೆಕ್ಸ್ಟ್ ಟೈಮ್ ನೋಡೋಣ" ಅಂತ ಬಂತು. ಅಷ್ಟರಲ್ಲಿ ಟ್ರಿಪ್ಪಿನ ವಿಡಿಯೋ ಯೂಟ್ಯೂಬಿಗೂ ಹೋಯ್ತು, ತಪ್ಪು ಮಾತೂ ಅದರ ಜೊತೆಗೇ ಹೋಯ್ತು, ಊರಿಂದ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಅದನ್ನ ನೋಡಿ "ಟೀಚರ್, ಅಲ್ಲಿ ಎವಾಂಜೆಲಿನ್ ಸಮಾಧಿ ನೋಡಿದ್ರಂತಲ್ಲ" ಅಂತ ಕೇಳಿದ್ಲು. ಎವಾಂಜೆಲಿನ್ ಅಂದ್ರೆ ಒಂದು ಕಾವ್ಯದ ನಾಯಕಿ, ನಿಜವಾಗಿ ಇದ್ದವಳಲ್ಲ. ಎಲ್ಲರ ಮುಂದೆ ಹೇಳಿದ್ದನ್ನ ಎಲ್ಲರ ಮುಂದೆನೇ ಸರಿಮಾಡಬೇಕು ಅಂತ ಈ ಪತ್ರ ಬರೀತಾ ಇದ್ದೀನಿ.

ಮೊದಲು ಒಂದು ಮಾತು, ವ್ಯವಸ್ಥೆ ಬಗ್ಗೆ ನನಗೆ ಯಾವ ದೂರೂ ಇಲ್ಲ. ಬೆಳಗ್ಗೆ ಐದಕ್ಕೆ ಪುಳಿಯೋಗರೆ ಕಟ್ಟಿಕೊಂಡು ಬಂದ ಹೆಣ್ಣುಮಕ್ಕಳು, ವಯಸ್ಸಾದವರಿಗೆ ಮುಂದಿನ ಸೀಟು ಬಿಟ್ಟುಕೊಟ್ಟ ಹುಡುಗ್ರು, ಎಲ್ಲರೂ ತಮ್ಮ ಕೆಲಸ ರಜೆ ಬಿಟ್ಟು ದುಡಿದವರು, ಅದು ನನಗೆ ಗೊತ್ತು. ನನ್ನ ದೂರು ಸೇಂಟ್ ಮಾರ್ಟಿನ್‌ವಿಲ್ ಅನ್ನೋ ಊರಲ್ಲಿ ಬಸ್ ನಿಂತ ಆ 40 ನಿಮಿಷದ ಬಗ್ಗೆ, ಮತ್ತೆ ಬಸ್ಸಲ್ಲಿ ಕೈಗೆ ಕೊಟ್ಟ ಕನ್ನಡ ಕರಪತ್ರದ ಬಗ್ಗೆ.

ಕರಪತ್ರದಲ್ಲಿ ಆ ಚರ್ಚ್ ಬಗ್ಗೆ ನಾಲ್ಕು ಸಾಲು ಇತ್ತು. "ಅಮೆರಿಕದ ಲೈಲಾ ಮಜ್ನು ಕಥೆಯ ನಾಯಕಿ ಎವಾಂಜೆಲಿನ್‌ಳ ಸಮಾಧಿ ಇರುವ ಚರ್ಚು. ಫ್ರಾನ್ಸಿನ ರಾಜ ಕಟ್ಟಿಸಿದ್ದು. ಇಲ್ಲಿನ ಕೇಜನ್ ಬುಡಕಟ್ಟಿನವರ ಅಡುಗೆ ಪ್ರಸಿದ್ಧ. ಫೋಟೋಗೆ ಒಳ್ಳೆ ಜಾಗ." ನಾಲ್ಕು ಸಾಲಲ್ಲಿ ಮೂರು ತಪ್ಪು. ಟ್ರಾವೆಲ್ಸಿನವರು ಕಳಿಸಿದ್ದ ಗೈಡ್ ಹುಡುಗನೂ ಮೈಕಲ್ಲಿ ಇದನ್ನೇ ಹೇಳ್ದ, ಚೆನ್ನಾಗಿ ಹೇಳ್ದ, ಪ್ರೇಮಿಗಳು ಬೇರೆಯಾದ ಕಥೆ ಕೇಳಿ ನನ್ನ ಪಕ್ಕ ಕೂತಿದ್ದವರು ಕಣ್ಣು ಒರೆಸ್ಕೊಂಡ್ರು. ಬಸ್ ಇಳಿದ ತಕ್ಷಣ ಎಲ್ಲರೂ ಚರ್ಚ್ ಪಕ್ಕದಲ್ಲಿ ಸಮಾಧಿ ಅಂತ ತೋರಿಸೋ ಜಾಗದಲ್ಲಿರೋ ಎವಾಂಜೆಲಿನ್‌ಳ ಕಂಚಿನ ಪ್ರತಿಮೆ ಹತ್ರ ಓಡಿದ್ರು, ಕೂತಿರೋ ಪ್ರತಿಮೆ ಅದು, ಅದರ ಹೆಗಲಿಗೆ ಕೈ ಹಾಕ್ಕೊಂಡು, ಒಂದಿಬ್ಬರು ಹುಡುಗ್ರು ಪೀಠ ಹತ್ಕೊಂಡು ರೀಲ್ಸ್ ಮಾಡಿದ್ರು.

ನಾನು ಇಗರ್ಜಿ ಒಳಗೆ ಹೋದೆ (ನಮ್ಮ ಕಡೆ ಚರ್ಚಿಗೆ ಇಗರ್ಜಿ ಅಂತಾನೇ ಅನ್ನೋದು, ಬಾಯಿಗೆ ಅದೇ ಬರುತ್ತೆ). ಒಳಗೆ ಒಂದು ಮಗುಗೆ ಜ್ಞಾನಸ್ನಾನ (ತಲೆಗೆ ನೀರು ಹಾಕಿ ಕ್ರೈಸ್ತ ಸಭೆಗೆ ಸೇರಿಸೋ ಸಂಸ್ಕಾರ) ನಡೀತಾ ಇತ್ತು. ಹತ್ತು ಹದಿನೈದು ಜನ ಅಷ್ಟೇ, ಮಗು ಉದ್ದನೇ ಬಿಳಿ ಬಟ್ಟೆಯಲ್ಲಿ, ಅದರ ಅಜ್ಜ ಇರಬೇಕು, ಒಂದು ಕೈಯಲ್ಲಿ ಮೇಣದಬತ್ತಿ ಹಿಡ್ಕೊಂಡು ಇನ್ನೊಂದು ಕೈಲಿ ಬತ್ತಿಗೆ ಗಾಳಿ ತಾಗದ ಹಾಗೆ ಮರೆ ಮಾಡಿದ್ರು. ಪಾದ್ರಿಗಳು ನೀರು ಹಾಕೋ ಹೊತ್ತಿಗೆ ಸರಿಯಾಗಿ ನಮ್ಮವರು ಏಳೆಂಟು ಜನ ಬಾಗಿಲು ದೂಡ್ಕೊಂಡು ಜೋರಾಗಿ ಮಾತಾಡ್ತಾ ಸೆಲ್ಫಿ ಸ್ಟಿಕ್ ಎತ್ಕೊಂಡು ಬಂದ್ರು, "ಇಲ್ಲಿ ಏನಿಲ್ಲ ಬನ್ನಿ, ಸಮಾಧಿ ಹೊರಗಿರೋದು" ಅಂತ ಒಬ್ಬರು ಕೂಗಿದ್ರು. ಆ ಮೇಣದಬತ್ತಿ ಹಿಡಿದಿದ್ದ ಅಜ್ಜ ತಿರುಗಿ ನೋಡಿದ್ರು, ಏನೂ ಅನ್ನಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸ್ತು.

ಇಲ್ಲಿ ಏನಿಲ್ಲ ಅಂದ್ರಲ್ಲ, ಆ ಮಾತು ವಾಪಸ್ ಬರೋವಾಗ ದಾರಿ ಪೂರ್ತಿ ಕೊರೀತಾ ಇತ್ತು. ಎರಡು ವಾರ ಬಿಟ್ಟು ಮಗನನ್ನ ಕಾಡಿ ಬೇಡಿ ಮತ್ತೆ ಅದೇ ಊರಿಗೆ ಹೋದೆ, ಈ ಸಲ ಒಂದು ಇಡೀ ದಿನ ಇದ್ದೆ. ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಅಲ್ಲಿ ಏನಿದೆ ಅಂತ ಈಗ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ.

ಕೇಜನ್ ಅಂದ್ರೆ ಬುಡಕಟ್ಟು ಅಲ್ಲ. ಬೆಂಗಳೂರಿನ ಕೆಫೆಗಳಲ್ಲೂ ಈಗ ಕೇಜನ್ ಫ್ರೈಸ್ ಅಂತ ಮೆನುವಲ್ಲಿ ಇರುತ್ತೆ, ನಾವು ಅದು ಯಾವುದೋ ಮಸಾಲೆ ಹೆಸರು ಅಂದ್ಕೊಂಡಿದ್ದೀವಿ. ಅಕೇಡಿಯನ್ ಅನ್ನೋ ಪದ ಫ್ರೆಂಚರ ಬಾಯಲ್ಲಿ ಅಕಾಡಿಯೆನ್ ಆಗಿ, ಮುಂದಿನ ಅಕ್ಷರ ಬಿದ್ದುಹೋಗಿ ಕಾಡಿಯೆನ್ ಆಗಿ, ಅದನ್ನ ಇಂಗ್ಲಿಷರು ಕೇಜನ್ ಮಾಡಿದ್ದು. ಅಂದ್ರೆ ಊರು ಬಿಡಿಸಿಕೊಂಡ ಜನಗಳ ಊರಿನ ಹೆಸರು ಅದು.

ಆ ಊರು ಅಕೇಡಿಯಾ, ಈಗಿನ ಕೆನಡಾದ ನೋವಾ ಸ್ಕೋಷಿಯಾ ಸೀಮೆ. 1604ರಿಂದ ಫ್ರಾನ್ಸಿನ ಜನ ಅಲ್ಲಿ ಹೋಗಿ ನೆಲೆಸೋಕ್ಕೆ ಶುರುಮಾಡಿದ್ರು. ಅಲ್ಲಿ ಬೇ ಆಫ್ ಫಂಡಿ ಅಂತ ಒಂದು ಕೊಲ್ಲಿ ಇದೆ, ಪ್ರಪಂಚದಲ್ಲೇ ಅತಿ ಎತ್ತರಕ್ಕೆ ಉಬ್ಬರ ಏರೋ ಜಾಗ. ಅಂಥ ಕಡೆ ಈ ರೈತರು ಸಮುದ್ರಕ್ಕೆ ಅಡ್ಡ ಮಣ್ಣಿನ ಕಟ್ಟೆ ಹಾಕಿ, ಕಟ್ಟೆ ಅಡಿಯಲ್ಲಿ ಮರದ ತೂಬು ಇಟ್ಟು, ತೂಬಿಗೆ ಒಂದೇ ಕಡೆ ತೆರೆಯೋ ಬಾಗಿಲು ಇಟ್ರು, ಇಳಿತ ಇದ್ದಾಗ ಗದ್ದೆಯ ಮಳೆನೀರು ಅದನ್ನ ತಳ್ಳಿಕೊಂಡು ಹೊರಗೆ ಹೋಗುತ್ತೆ, ಉಬ್ಬರ ಬಂದಾಗ ಅದು ತಾನಾಗೇ ಮುಚ್ಕೊಳ್ಳುತ್ತೆ. ಕುಮಟಾ ಕಡೆ ಅಘನಾಶಿನಿ ಗಜನಿ ಗದ್ದೆ ನೋಡಿದವರಿಗೆ ಇದು ಎಂಥ ದುಡಿಮೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಒಂದು ವರ್ಷ ಕಟ್ಟೆ ಒಡೆದ್ರೆ ಉಪ್ಪು ನೀರು ನುಗ್ಗಿ ಗದ್ದೆ ಹಾಳು. ಇವರು ಮೂರು ನಾಲ್ಕು ತಲೆಮಾರು ಹಂಗೆ ಕಟ್ಟೆ ಕಾಯ್ಕೊಂಡು ಗೋಧಿ ಬೆಳೆದ್ರು.

1713ರಲ್ಲಿ ಯೂಟ್ರೆಕ್ಟ್ ಒಪ್ಪಂದದಲ್ಲಿ ಆ ನೆಲ ಬ್ರಿಟಿಷರ ಪಾಲಾಯ್ತು. ನಾವು ಯಾರ ಕಡೆಯಿಂದಾನೂ ಬಂದೂಕು ಹಿಡಿಯಲ್ಲ, ನಮ್ಮನ್ನ ನಮ್ಮ ಪಾಡಿಗೆ ಬಿಡಿ ಅಂತ ಇವರು ಹೇಳ್ತಾ ಬಂದ್ರು, ನಲವತ್ತು ವರ್ಷ ಹಂಗೇ ನಡೀತು. ಮತ್ತೆ ಫ್ರಾನ್ಸಿಗೂ ಬ್ರಿಟನ್ನಿಗೂ ಜಗಳ ಜೋರಾದಾಗ, ಷರತ್ತಿಲ್ಲದೆ ರಾಜನಿಗೆ ಪ್ರಮಾಣ ಮಾಡಲಿಲ್ಲ ಅನ್ನೋ ಕಾರಣ ಹೇಳಿ ಚಾರ್ಲ್ಸ್ ಲಾರೆನ್ಸ್ ಅನ್ನೋ ಅಧಿಕಾರಿ ಮತ್ತವನ ಕೌನ್ಸಿಲ್ 1755ರ ಜುಲೈ 28ಕ್ಕೆ ಇವರನ್ನೆಲ್ಲಾ ನಾಡಿಂದ ಹೊರಗೆ ಹಾಕೋದು ಅಂತ ತೀರ್ಮಾನ ಮಾಡಿದ್ರು. ಗ್ರಾಂ ಪ್ರೆ ಅನ್ನೋ ಹಳ್ಳಿಯಲ್ಲಿ ಸೆಪ್ಟೆಂಬರ್ 5ಕ್ಕೆ ಗಂಡಸರು ಹುಡುಗರು ಎಲ್ಲರೂ ಚರ್ಚಿಗೆ ಬರಬೇಕು ಅಂತ ಹೇಳಿಕಳಿಸಿದ್ರು. 418 ಜನ ಬಂದ್ರು. ಬಾಗಿಲಿಗೆ ಸೈನಿಕರ ಕಾವಲು ಬಿತ್ತು, ಜಾನ್ ವಿನ್ಸ್‌ಲೋ ಅನ್ನೋ ಸೇನಾಧಿಕಾರಿ ಅವರದೇ ಚರ್ಚಲ್ಲಿ ನಿಂತು ಆಜ್ಞೆ ಓದಿದ, ನಿಮ್ಮ ಜಮೀನು ಮನೆ ದನಕರು ಎಲ್ಲಾ ಇನ್ಮೇಲೆ ರಾಜನದ್ದು, ನಿಮ್ಮನ್ನ ಇಲ್ಲಿಂದ ಸಾಗಿಸ್ತೀವಿ ಅಂತ. ಅವರು ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ದ ಜಾಗನೇ ಅವತ್ತು ಜೈಲಾಯ್ತು.

ಅದಾದ್ಮೇಲಿನದ್ದು ಬರೆಯೋಕ್ಕೆ ಕೈ ಬರಲ್ಲ. ಹಳ್ಳಿಗಳಿಗೆ ಬೆಂಕಿ ಹಾಕಿದ್ರು. ಜನರನ್ನ ಹಡಗಿಗೆ ತುಂಬಿ ಮ್ಯಾಸಚೂಸೆಟ್ಸಿಂದ ಜಾರ್ಜಿಯಾ ತನಕ ಅಲ್ಲಲ್ಲಿ ಇಳಿಸಿದ್ರು, ವರ್ಜೀನಿಯಾದವರು ನಮಗೆ ಬೇಡ ಅಂದ್ರು ಅಂತ ಅಲ್ಲಿದ್ದವರನ್ನ ಇಂಗ್ಲೆಂಡಿಗೆ ಸಾಗಿಸಿದ್ರು, ಎಷ್ಟೋ ಮನೆಯವರು ಬೇರೆ ಬೇರೆ ಹಡಗು ಸೇರಿ ಮತ್ತೆ ಒಬ್ಬರಿಗೊಬ್ಬರು ಸಿಗಲೇ ಇಲ್ಲ. 1758ರ ಡಿಸೆಂಬರಲ್ಲಿ ಡ್ಯೂಕ್ ವಿಲಿಯಂ ಅನ್ನೋ ಒಂದೇ ಹಡಗು ಮುಳುಗಿ 360ಕ್ಕೂ ಹೆಚ್ಚು ಜನ ಸತ್ತರು. 1763ರ ತನಕ ಈ ಸಾಗಾಟ ನಡೀತು, ಹತ್ತು ಸಾವಿರದಷ್ಟು ಜನ ನೆಲೆ ಕಳ್ಕೊಂಡ್ರು, ಅದರಲ್ಲಿ ಸಾವಿರಗಟ್ಟಲೆ ಜನ ರೋಗದಲ್ಲಿ ಹಸಿವಲ್ಲಿ ಹೋದ್ರು. ಅವರ ಮಾತಲ್ಲಿ ಇದಕ್ಕೆ ಗ್ರಾಂ ದೆರಾಂಜ್‌ಮಾಂ ಅಂತಾರೆ, ದೊಡ್ಡ ಗಲಿಬಿಲಿ ಅಂತ ಅರ್ಥ. ನಮ್ಮ ಕಡೆಯ ಅಜ್ಜಿಯಂದಿರೂ ದೊಡ್ಡ ಸಂಕಟಕ್ಕೆ ಹೀಗೇ ಚಿಕ್ಕ ಹೆಸರು ಇಡ್ತಿದ್ರು.

ಈಗ ಆ ಚರ್ಚಿಗೆ ಬರ್ತೀನಿ. ಜೋಸೆಫ್ ಬ್ರೂಸಾರ್ ಅಂತ ಒಬ್ಬ, ಬೋಸೊಲೆ ಅನ್ನೋ ಅಡ್ಡಹೆಸರಿಂದಾನೇ ಗೊತ್ತಿರೋನು. ಬ್ರಿಟಿಷರ ವಿರುದ್ಧ ಕಾಡಲ್ಲಿ ಹೋರಾಡಿದವನು, ಕೊನೆಗೆ ಊಟ ಇಲ್ಲದೆ ಶರಣಾಗಿ ಹ್ಯಾಲಿಫ್ಯಾಕ್ಸಲ್ಲಿ ಕೈದಿಯಾಗಿದ್ದವನು. 1763ರಲ್ಲಿ ಯುದ್ಧ ಮುಗಿದ್ಮೇಲೆ ಬಿಡುಗಡೆಯಾಯ್ತು ಆದ್ರೆ ಹಳೇ ಜಮೀನಲ್ಲಿ ಆಗಲೇ ಬೇರೆಯವರನ್ನ ತಂದು ಕೂರಿಸಿದ್ರು. ಇವನೂ ಇವನ ಅಣ್ಣ ಅಲೆಕ್ಸಾಂಡರನೂ ನೆಂಟರಿಷ್ಟರನ್ನ ಕಟ್ಕೊಂಡು ಹಡಗು ಹತ್ತಿ, ಈಗಿನ ಹೈಟಿ ಕಡೆಯಿಂದ ಸುತ್ತಿಕೊಂಡು 1765ರ ಫೆಬ್ರವರಿ ಕೊನೆಗೆ ನ್ಯೂ ಆರ್ಲಿಯನ್ಸಿಗೆ ಬಂದ್ರು, 193 ಜನ ಅಂತ ಅವತ್ತಿನ ಸರ್ಕಾರಿ ಕಾಗದದಲ್ಲಿದೆ. ಲೂಯಿಸಿಯಾನಾ ಫ್ರೆಂಚ್ ನಾಡು, ಅಲ್ಲಾದ್ರೂ ನಮ್ಮ ಭಾಷೆ ನಮ್ಮ ಧರ್ಮ ಇರುತ್ತೆ ಅಂತ ಇಷ್ಟು ದೂರ ಬಂದವರು ಅವರು, ಆದ್ರೆ 1762ರಲ್ಲೇ ಫ್ರಾನ್ಸಿನ ರಾಜ ಅದನ್ನ ಗುಟ್ಟಾಗಿ ಸ್ಪೇನಿಗೆ ಕೊಟ್ಟುಬಿಟ್ಟಿದ್ದ.

ಆದ್ರೂ ನಿಂತ್ರು. ಏಪ್ರಿಲ್ 4ಕ್ಕೆ ದೊತ್ರಿವ್ ಅನ್ನೋ ಒಬ್ಬ ನಿವೃತ್ತ ಕ್ಯಾಪ್ಟನ್ ಜೊತೆ ಒಂದು ಕರಾರು ಆಯ್ತು, ನಮ್ಮಲ್ಲಿ ಹೋರಿ ದನ ಪಾಲಿಗೆ ಸಾಕೋಕ್ಕೆ ಕೊಡ್ತಾರಲ್ಲ ಅಂಥದ್ದೇ, ಮನೆಗೆ ಐದು ಹಸು ಕರು ಸಮೇತ, ಒಂದು ಹೋರಿ, ಆರು ವರ್ಷ ಸಾಕಿ ಹೆಚ್ಚಾದ್ದರಲ್ಲಿ ಅರ್ಧ ಪಾಲು. ಆಮೇಲೆ ಟೆಶ್ ಅನ್ನೋ ನಿಧಾನಕ್ಕೆ ಹರಿಯೋ ಹೊಳೆ ದಂಡೆಗೆ ಬಂದ್ರು, ಅಲ್ಲಿ ಅದಕ್ಕೆ ಬಾಯೂ ಅಂತಾರೆ. ಜೊತೆಗೆ ಜಾನ್ ಫ್ರಾಂಸ್ವಾ ಅಂತ ಕಪುಚಿನ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿ ಪಂಗಡದ ಪಾದ್ರಿ. 1765ರ ಮೇ 11ಕ್ಕೆ ಥಿಬೊಡೊ ಮನೆತನದ ಒಂದು ಹೆಣ್ಣುಮಗುಗೆ ಜ್ಞಾನಸ್ನಾನ ಆಯ್ತು ಅಂತ ಪಾದ್ರಿಗಳು ಬರೆದಿಟ್ರು, ಬರೆಯೋವಾಗ ಆ ಜಾಗಕ್ಕೆ ಹೊಸ ಅಕೇಡಿಯಾ ಅಂತಲೇ ಕರೆದ್ರು. ಅಲ್ಲಿಂದ ಸೇಂಟ್ ಮಾರ್ಟಿನ್ ದ ತೂರ್ ಚರ್ಚಿನ ಲೆಕ್ಕ ಶುರು. ಗ್ರಾಂ ಪ್ರೆಯ ಚರ್ಚಲ್ಲಿ ಬೀಗ ಬಿದ್ದ ಹತ್ತನೇ ವರ್ಷಕ್ಕೆ, ತಲೆಮೇಲೆ ಸೂರು ಇನ್ನೂ ಸರಿಯಾಗಿ ಏಳೋ ಮೊದಲೇ, ಈ ಜನ ಮತ್ತೆ ಒಂದು ಚರ್ಚು ಹುಟ್ಟುಹಾಕಿದ್ರು. ಅದನ್ನ ನಿಮ್ಮ ಕರಪತ್ರ ಫ್ರಾನ್ಸಿನ ರಾಜ ಕಟ್ಟಿಸಿದ್ದು ಅಂತ ಬರೆದಿದೆ. ಒಳಗಿರೋ ಜ್ಞಾನಸ್ನಾನದ ತೊಟ್ಟಿ 16ನೇ ಲೂಯಿ ಕೊಟ್ಟಿದ್ದು ಅಂತ ಊರಲ್ಲಿ ಒಂದು ಮಾತಿದೆ, ಅದನ್ನೇ ಯಾರೋ ಎಳೆದು ಎಳೆದು ಇಡೀ ಚರ್ಚಿಗೆ ಹಚ್ಚಿರಬೇಕು. ಆ ಲೂಯಿ ಪಟ್ಟಕ್ಕೆ ಬಂದಿದ್ದು 1774ರಲ್ಲಿ, ಆವಾಗ ಆ ಸೀಮೆ ಸ್ಪೇನ್ ಕೈಲಿತ್ತು, ಹಾಗಾಗಿ ತೊಟ್ಟಿ ವಿಷಯಾನೂ "ಅಂತ ಹೇಳ್ತಾರೆ" ಅಂತ ಸೇರಿಸಿ ಹೇಳೋದೇ ಸರಿ. ನಾವು ಈಗ ನೋಡೋ ಬಿಳಿ ಕಟ್ಟಡ 1836ರಿಂದ 1844ರ ನಡುವೆ ಎದ್ದಿದ್ದು, 1972ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರ್ತು.

ಬಂದ ವರ್ಷಾನೇ ಜ್ವರ ಬಂತು. ಬೇಸಿಗೆಯಿಂದ ಚಳಿ ಬರೋ ತನಕ ಹತ್ತಾರು ಜನ ಸತ್ತರು. ಅಣ್ಣ ಅಲೆಕ್ಸಾಂಡರ್ ಸೆಪ್ಟೆಂಬರ್ 18ಕ್ಕೆ, ಬೋಸೊಲೆ ಅಕ್ಟೋಬರ್ 20ಕ್ಕೆ. ಹತ್ತು ವರ್ಷ ಕಾಡು ಜೈಲು ಸಮುದ್ರ ಎಲ್ಲಾ ದಾಟಿ ಬಂದವನು ಎಂಟು ತಿಂಗಳೂ ಬದುಕಲಿಲ್ಲ. ಅವರನ್ನೆಲ್ಲ ಎಲ್ಲಿ ಹೂತರೋ ಆ ಜಾಗ ಇವತ್ತು ಗೊತ್ತಿಲ್ಲ. ಬೋಸೊಲೆಯ ಹೆಸರಿನ ಬಿಡಾರದಲ್ಲಿ ಅಂತ ಕಾಗದದಲ್ಲಿದೆ ಅಷ್ಟೇ, ಲಫಾಯೆಟ್ ಯೂನಿವರ್ಸಿಟಿಯ ಪುರಾತತ್ವದವರು ಟೆಶ್ ದಂಡೆಯ ಕಬ್ಬಿನ ಗದ್ದೆ ಕಡೆಯೆಲ್ಲಾ ವರ್ಷಗಟ್ಟಲೆ ಅದನ್ನ ಹುಡುಕಿದ್ದಾರೆ.

ಈಗ ನಾವು ಫೋಟೋ ತೆಗೆಸ್ಕೊಂಡ ಸಮಾಧಿ ನೋಡೋಣ. ಎವಾಂಜೆಲಿನ್ ಅನ್ನೋದು 1847ರಲ್ಲಿ ಲಾಂಗ್‌ಫೆಲೋ ಅನ್ನೋ ಅಮೆರಿಕನ್ ಕವಿ ಬರೆದ ಕಾವ್ಯದ ನಾಯಕಿ. ಆ ಕಾವ್ಯದಿಂದಾನೇ ಅಕೇಡಿಯನ್ನರ ಗೋಳು ಪ್ರಪಂಚಕ್ಕೆ ಗೊತ್ತಾಯ್ತು, ಅದಕ್ಕೆ ಅವರ ಜನಾನೇ ಅದನ್ನ ಎದೆಗಪ್ಪಿಕೊಂಡ್ರು, ಕಾವ್ಯದ ಬಗ್ಗೆ ನನ್ನದು ತಕರಾರಿಲ್ಲ. ಆದ್ರೆ ಕವಿ ಲೂಯಿಸಿಯಾನಾಕ್ಕೆ ಬಂದವರೇ ಅಲ್ಲ. ಅವರ ಕಾವ್ಯದಲ್ಲಿ ಎವಾಂಜೆಲಿನ್ ಈ ಹೊಳೆ ದಂಡೆಯಲ್ಲಿ ಪ್ರಿಯತಮನನ್ನ ಹುಡುಕಿ, ಸಿಗದೆ ಮುಂದೆ ಹೋಗಿ, ಕೊನೆಗೆ ಮುದುಕಿಯಾದ್ಮೇಲೆ ಫಿಲಡೆಲ್ಫಿಯಾದಲ್ಲಿ ಅವನು ಸಾಯೋ ಹೊತ್ತಿಗೆ ಸಿಗ್ತಾಳೆ, ಇಬ್ಬರನ್ನೂ ಹೂಳೋದು ಫಿಲಡೆಲ್ಫಿಯಾದಲ್ಲೇ. ಅಂದ್ರೆ ಕಥೆ ಪ್ರಕಾರಾನೂ ಅವಳ ಸಮಾಧಿ ಇಲ್ಲಿಲ್ಲ.

ಮತ್ತೆ ಇಲ್ಲಿ ಹೇಗೆ ಬಂತು? ಸೇಂಟ್ ಮಾರ್ಟಿನ್‌ವಿಲ್ಲಿನ ಒಬ್ಬ ಜಡ್ಜ್, ಫೆಲಿಕ್ಸ್ ವೂರೀಸ್ ಅಂತ, 1907ರಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿದ್ರು, ನಮ್ಮ ಅಜ್ಜಿ ಹೇಳಿದ್ದು ಅಂತ. ಎವಾಂಜೆಲಿನ್ ನಿಜವಾಗ್ಲೂ ಎಮ್ಮೆಲಿನ್ ಲಬೀಶ್ ಅನ್ನೋ ಹುಡುಗಿ, ಇದೇ ಊರಲ್ಲಿ ಸತ್ತಳು ಅಂತ ಅದರಲ್ಲಿದೆ. ಜನ ನಂಬಿದ್ರು. 1929ರಲ್ಲಿ ಎವಾಂಜೆಲಿನ್ ಸಿನಿಮಾ ಬಂತು, ಡೊಲೊರೆಸ್ ಡೆಲ್ ರಿಯೋ ನಾಯಕಿ, 1931ರಲ್ಲಿ ಚರ್ಚ್ ಪಕ್ಕದ ಹಳೇ ಸಿಮಿತ್ರಿಯಲ್ಲಿ (ಸ್ಮಶಾನದಲ್ಲಿ) ಪ್ರತಿಮೆ ಬಂತು, ಆ ಪ್ರತಿಮೆಯ ಮುಖ ಆ ನಟಿಯದ್ದೇ. ಕಾರ್ಲ್ ಬ್ರಾಸೊ ಅನ್ನೋ ಲೂಯಿಸಿಯಾನಾ ಇತಿಹಾಸಕಾರರು ಹಳೇ ದಾಖಲೆಗಳನ್ನ ಜಾಲಾಡಿ ನೋಡಿ, ಈ ಎಮ್ಮೆಲಿನ್ ಲಬೀಶ್ ಕಥೆಗೆ ಆಧಾರ ಇಲ್ಲ ಅಂತ ತೋರಿಸಿದ್ದಾರೆ. ಹೀಗಿರೋವಾಗ ನಾವು 52 ಜನ ಕನ್ನಡಿಗರು ನಾಲ್ಕು ಗಂಟೆ ಪ್ರಯಾಣ ಮಾಡಿ ಹೋಗಿ ಸಿನಿಮಾ ನಟಿಯ ಮುಖದ ಪ್ರತಿಮೆ ಹೆಗಲಿಗೆ ಕೈ ಹಾಕಿ, ಹುಟ್ಟದೇ ಇದ್ದವಳ ಸಮಾಧಿಗೆ ಕಣ್ಣೀರು ಹಾಕಿ, ನಿಜವಾಗಿ ಹುಟ್ಟಿ ನಿಜವಾಗಿ ಸತ್ತವರ ಚರ್ಚಲ್ಲಿ "ಏನಿಲ್ಲ" ಅಂತ ವಾಪಸ್ ಬಂದ್ವಿ. ಪ್ರತಿಮೆ ನೋಡಬೇಡಿ ಅಂತ ನಾನು ಹೇಳ್ತಿಲ್ಲ, ಆ ಊರಿನವರಿಗೆ ಅದು ಪ್ರೀತಿಯ ಗುರುತು. ಇದು ಕಾವ್ಯದ ಹುಡುಗಿ ಅಂತ ಹೇಳಿ ತೋರಿಸಿ ಅಷ್ಟೇ.

ನನಗೆ ಯಾಕೆ ಇಷ್ಟು ನೋವಾಯ್ತು ಅಂತ ಕೆಲವರು ಕೇಳಬಹುದು. ನಾನು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಯವಳು. 1784ರಲ್ಲಿ ನಮ್ಮ ಜನರನ್ನ ಕರಾವಳಿಯಿಂದ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿದ್ದು, ಮಿಲಾಗ್ರಿಸ್ ಇಗರ್ಜಿ ಕೆಡವಿದ್ದು, 1799ರ ನಂತರ ಉಳಿದವರು ವಾಪಸ್ ಬಂದಿದ್ದು ಇತಿಹಾಸದಲ್ಲಿದೆ. ಇದನ್ನ ಇವತ್ತಿನ ಯಾವ ರಾಜಕೀಯಕ್ಕೂ ಸೇರಿಸೋಕ್ಕೆ ನಾನು ಹೇಳ್ತಿಲ್ಲ, ನನ್ನ ತರಗತಿಯಲ್ಲಿ ಎಲ್ಲಾ ಮನೆಯ ಮಕ್ಕಳೂ ಇದ್ರು, ಯಾರಿಗೂ ನೋವಾಗದ ಹಾಗೆ ಇದೇ ಪಾಠ ಮಾಡಿದ್ದೀನಿ. ನಮ್ಮ ಅಜ್ಜಿ ಬೂದಿ ಬುಧವಾರ (ಈಸ್ಟರ್ ಮುಂಚಿನ ಉಪವಾಸ ಶುರುವಾಗೋ ದಿನ) ಬಂದಾಗೆಲ್ಲ ಹೇಳ್ತಿದ್ರು, ಅವರ ಅಜ್ಜಿಯ ಅಜ್ಜಿ ಘಟ್ಟ ಹತ್ತುವಾಗ ಮಡಿಲಲ್ಲಿ ಅಕ್ಕಿ ಕಟ್ಕೊಂಡು ಹೋಗಿದ್ರಂತೆ ಅಂತ. ಅಕ್ಕಿ ವಿಷಯ ನಿಜವೋ ಅಲ್ಲವೋ ನನಗೆ ಹೇಳೋಕ್ಕಾಗಲ್ಲ, ಹಾಗಾಗಿ ಪಾಠದಲ್ಲಿ ಅದನ್ನ ಹೇಳುವಾಗ ಇದು ನಮ್ಮಜ್ಜಿ ಹೇಳಿದ್ದು, ಇದು ದಾಖಲೆಯಲ್ಲಿರೋದು ಅಂತ ಬೇರೆ ಬೇರೆ ಮಾಡಿ ಹೇಳ್ತಿದ್ದೆ. ಜಡ್ಜ್ ಅಜ್ಜಿಯ ಕಥೆನೂ ಹಾಗೇ ಹೇಳಬಹುದಿತ್ತು.

ಎರಡನೇ ಸಲ ಹೋದಾಗ ಬೆಳಗಿನ ಪೂಜೆ ಆದ್ಮೇಲೆ ಚರ್ಚ್ ಬಾಗಿಲಲ್ಲಿ ಒಬ್ಬ ಮುದುಕಿ ಮಾತಿಗೆ ಸಿಕ್ಕಿದ್ರು. ನನ್ನ ಸೀರೆ ನೋಡಿ ಅವರೇ ಮಾತಾಡ್ಸಿದ್ರು. ಮನೆಯಲ್ಲಿ ಬರೀ ಫ್ರೆಂಚ್ ಆಡ್ತಿದ್ರಂತೆ, ಸ್ಕೂಲಿಗೆ ಸೇರಿದ ಮೊದಲ ವಾರ ಟಾಯ್ಲೆಟ್ಟಿಗೆ ಹೋಗಬೇಕು ಅನ್ನೋದನ್ನ ಇಂಗ್ಲಿಷಲ್ಲಿ ಕೇಳೋಕ್ಕೆ ಬರದೆ ಬೆಂಚಲ್ಲೇ ಕೂತು ಒದ್ದೆಯಾದ್ರಂತೆ. ಫ್ರೆಂಚ್ ಮಾತಾಡಿದ್ದಕ್ಕೆ "ಇನ್ನು ಶಾಲೆಯ ಆವರಣದಲ್ಲಿ ಫ್ರೆಂಚ್ ಆಡುವುದಿಲ್ಲ" ಅಂತ ನೂರಾರು ಸಲ ಬರೆಸಿದ್ರಂತೆ. 1921ರ ರಾಜ್ಯ ಸಂವಿಧಾನದಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಮಾತ್ರ ಅಂತ ಬಂದ್ಮೇಲೆ ಇಡೀ ದಕ್ಷಿಣ ಲೂಯಿಸಿಯಾನಾದಲ್ಲಿ ಇದು ನಡೀತು, 1968ರಲ್ಲಿ ರಾಜ್ಯ ಸರ್ಕಾರ ಫ್ರೆಂಚ್ ಉಳಿಸೋಕ್ಕೆ ಅಂತ ಒಂದು ಮಂಡಳಿ ಮಾಡೋ ಹೊತ್ತಿಗೆ ಎರಡು ತಲೆಮಾರು ಮಾತು ಬಿಟ್ಟಾಗಿತ್ತು. ಆ ಮುದುಕಿ ಪ್ರಾರ್ಥನೆ ಮಾತ್ರ ಈಗಲೂ ಫ್ರೆಂಚಲ್ಲೇ ಬಾಯಿಗೆ ಬರೋದು ಅಂದ್ರು, ಮಕ್ಕಳಿಗೆ ಕಲಿಸಲಿಲ್ಲ, ಅವರಿಗೂ ಅದೇ ಅವಮಾನ ಯಾಕೆ ಅಂತ ಬಿಟ್ಟೆ ಅಂದ್ರು. ನಮ್ಮೂರ ಇಂಗ್ಲಿಷ್ ಮೀಡಿಯಂ ಸ್ಕೂಲುಗಳಲ್ಲಿ ಕನ್ನಡ ಆಡಿದ್ರೆ ಫೈನ್ ಹಾಕೋದನ್ನ ನೋಡಿದವಳು ನಾನು, ಅವರ ಕೈ ಹಿಡ್ಕೊಂಡು ಸುಮ್ಮನೆ ನಿಂತಿದ್ದೆ. ಕನ್ನಡ ಉಳಿಸಬೇಕು ಅಂತ ಇಲ್ಲಿ ಭಾನುವಾರ ಭಾನುವಾರ ಮಕ್ಕಳಿಗೆ ಅಕ್ಷರ ಕಲಿಸೋ ಕೂಟ ನಮ್ಮದು, ಅಂಥ ಕೂಟದ ಬಸ್ಸು ಈ ಚರ್ಚ್ ಮುಂದೆ ನಿಂತು ಈ ಮಾತೇ ಆಡಲಿಲ್ಲ ಅನ್ನೋದು ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದೆ.

ಇನ್ನೊಂದು ವಿಷಯ ಬಿಟ್ಟರೆ ನಾನೂ ಅರ್ಧ ಸತ್ಯ ಹೇಳಿದ ಹಾಗೆ. ಇವರು ಬಂದು ಇಳಿದ ಜಾಗ ಖಾಲಿ ಇರಲಿಲ್ಲ. ಅದು ಅಟಕಪಾ ಅನ್ನೋ ಮೂಲನಿವಾಸಿಗಳ ನೆಲ, ಆ ಸೀಮೆಗೇ ಅವರ ಹೆಸರಿತ್ತು, ಚರ್ಚ್ ಎದುರಿನ ಜಾಗದಲ್ಲಿ ಅವರದ್ದೂ ಒಂದು ಪ್ರತಿಮೆ ಇದೆ, ನಮ್ಮಲ್ಲಿ ಒಬ್ಬರೂ ಅದರ ಹತ್ರ ಹೋಗಲಿಲ್ಲ. ಮತ್ತೆ, ಮನೆ ಮಠ ಕಳ್ಕೊಂಡು ಬಂದ ಅಕೇಡಿಯನ್ನರಲ್ಲೇ ಕೆಲವು ಮನೆತನದವರು ಸ್ವಲ್ಪ ಕಾಲ ಕಳೆದು ಅನುಕೂಲಸ್ಥರಾದ್ಮೇಲೆ ಆಫ್ರಿಕಾ ಮೂಲದವರನ್ನ ಗುಲಾಮರಾಗಿ ಕೊಂಡುಕೊಂಡ್ರು. ಚರ್ಚಿನ ಹಳೇ ರಿಜಿಸ್ಟರುಗಳಲ್ಲಿ ಆ ಗುಲಾಮರ ಮಕ್ಕಳ ಜ್ಞಾನಸ್ನಾನಾನೂ ಇದೆ, ಮನೆತನದ ಹೆಸರಿಲ್ಲದೆ, ಯಜಮಾನನ ಹೆಸರಿನ ಜೊತೆ. ನೊಂದವರು ಇನ್ನೊಬ್ಬರನ್ನ ನೋಯಿಸಲ್ಲ ಅಂತ ನಾನು ನಂಬಿಕೊಂಡಿದ್ದೆ, ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಊರಲ್ಲೇ ಅಕೇಡಿಯನ್ ಸ್ಮಾರಕದ ಪಕ್ಕದಲ್ಲೇ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಕೂಡ ಇದೆ, ಎರಡನ್ನೂ ನೋಡದೆ ಬರೋದು ಬೇಡ.

ಆ ಅಕೇಡಿಯನ್ ಸ್ಮಾರಕ ಚರ್ಚಿಂದ ನಡೆಯೋ ದೂರ, ಹೊಳೆ ದಂಡೆಯಲ್ಲಿ. ಬಸ್ಸು ಅದರ ಮುಂದೇನೇ ಹಾದುಹೋಗಿತ್ತು. ಒಳಗೆ ರಾಬರ್ಟ್ ಡಾಫರ್ಡ್ ಅನ್ನೋ ಕಲಾವಿದರು ಬರೆದ ಗೋಡೆಯಗಲದ ಚಿತ್ರ ಇದೆ, ಅಕೇಡಿಯನ್ನರು ಲೂಯಿಸಿಯಾನಾಕ್ಕೆ ಬಂದಿಳಿದಿದ್ದು. ಅದರ ಎದುರಿಗೆ ಹಾಗೆ ಬಂದವರ ಹೆಸರುಗಳ ಗೋಡೆ, ಸುಮಾರು 3,000 ಹೆಸರು. ನಾನು ಬ್ರೂಸಾರ್ ಅನ್ನೋ ಹೆಸರಿನ ಸಾಲು ಹುಡುಕಿ ಬೆರಳಿಟ್ಟು ಒಂದೊಂದೇ ಓದ್ತಾ ಹೋದೆ, ಒಂದೇ ಮನೆತನದ್ದು ಮುಗಿಯೋ ಹೊತ್ತಿಗೆ ಕಣ್ಣು ಮಂಜಾಯ್ತು. ನನ್ನ ಮಗ, ಯಾವಾಗಲೂ ಹೊರಡೋಣ ಹೊರಡೋಣ ಅನ್ನೋನು, ಅವನು ಆಚೆ ತುದಿಯಲ್ಲಿ ಲಾಂಡ್ರಿ ಅನ್ನೋ ಹೆಸರು ಎಣಿಸ್ತಾ ನಿಂತಿದ್ದ, ಅವನ ಆಫೀಸಲ್ಲಿ ಪಕ್ಕದ ಸೀಟಿನವನ ಮನೆತನದ ಹೆಸರು ಅದೇ ಅಂತೆ, ನಾಲ್ಕು ವರ್ಷದಿಂದ ಜೊತೆಗೆ ಊಟ ಮಾಡ್ತಾರೆ, ಇವನಿಗೆ ಗೊತ್ತೇ ಇರಲಿಲ್ಲ.

ಪತ್ರ ಬರೆದು ಏನಾಗುತ್ತೆ ಅಂತ ಕೇಳೋರಿಗೂ ಇದೇ ಜನರ ಚರಿತ್ರೆಯಲ್ಲಿ ಉತ್ತರ ಇದೆ. 1990ರಲ್ಲಿ ವಾರೆನ್ ಪೆರಿನ್ ಅನ್ನೋ ಲೂಯಿಸಿಯಾನಾದ ವಕೀಲರು ಬ್ರಿಟನ್ನಿನ ಸರ್ಕಾರಕ್ಕೂ ರಾಣಿಗೂ ಒಂದು ಅರ್ಜಿ ಕಳಿಸಿದ್ರು, 1755ರಲ್ಲಿ ನೀವು ಮಾಡಿದ್ದು ತಪ್ಪು ಅಂತ ಒಪ್ಕೊಳ್ಳಿ ಅಂತ. ದುಡ್ಡು ಕೇಳಲಿಲ್ಲ. 13 ವರ್ಷ ಹಿಡೀತು, 2003ರ ಡಿಸೆಂಬರಲ್ಲಿ ರಾಣಿ ಎಲಿಜಬೆತ್ ಹೆಸರಲ್ಲಿ ಘೋಷಣೆ ಬಂತು, ಹೊರಗೆ ಹಾಕಿದ್ದು ಹೌದು, ಅದರಿಂದ ಸಾವಿರಾರು ಜನ ಸತ್ತಿದ್ದು ಹೌದು, ಇನ್ಮೇಲೆ ಪ್ರತಿ ವರ್ಷ ಜುಲೈ 28 ಸ್ಮರಣೆಯ ದಿನ ಅಂತ. ಕ್ಷಮೆ ಅನ್ನೋ ಪದ ಅದರಲ್ಲಿಲ್ಲ, ಪರಿಹಾರಾನೂ ಇಲ್ಲ, ಆದ್ರೆ ಆಗಿದ್ದು ಆಗಿದೆ ಅಂತ ಒಪ್ಪಿಕೊಂಡಿದ್ದೇ ಅವರಿಗೆ ದೊಡ್ಡದಾಯ್ತು. ನಾನು ನಿಮ್ಮಿಂದ ಕೇಳ್ತಾ ಇರೋದು ಅದಕ್ಕಿಂತ ಎಷ್ಟೋ ಸಣ್ಣದು.

ಮೊದಲನೇದಾಗಿ ಆ ಕರಪತ್ರ ಮುಂದಿನ ಟ್ರಿಪ್ಪಿಗೆ ಹಾಗೇ ಕೊಡಬೇಡಿ. ಸಮಾಧಿ, ರಾಜ, ಬುಡಕಟ್ಟು, ಈ ಮೂರೂ ತೆಗೆದು ಹೊಸದಾಗಿ ಬರೆಯಿರಿ. ಯೂಟ್ಯೂಬಲ್ಲಿರೋ ವಿಡಿಯೋದ ಕೆಳಗಾದ್ರೂ ಎರಡು ಸಾಲು ತಿದ್ದುಪಡಿ ಹಾಕಿ, ಊರಲ್ಲಿ ಮಕ್ಕಳು ಪ್ರಾಜೆಕ್ಟಿಗೆ ಅಂತ ಅದನ್ನೇ ನೋಡ್ತಾರೆ. ಟ್ರಾವೆಲ್ಸಿನವರಿಗೆ ಮುಂಚೆನೇ ಹೇಳಿ ಆ ಊರಿಗೆ ಕಡಿಮೆ ಅಂದ್ರೂ ಎರಡೂವರೆ ಗಂಟೆ ಇಡಿಸಿ, ಔಟ್‌ಲೆಟ್ ಮಾಲಿಗೆ ಅವತ್ತು ಮೂರು ಗಂಟೆ ಕೊಟ್ಟಿದ್ರಿ, ಅದರಲ್ಲೇ ಸ್ವಲ್ಪ ತೆಗೆದ್ರೆ ಆಗುತ್ತೆ. ಹೋಗೋ ಮುಂಚೆ ಚರ್ಚ್ ಆಫೀಸಿಗೆ ಫೋನ್ ಮಾಡಿ ಪೂಜೆ, ಮದುವೆ, ಜ್ಞಾನಸ್ನಾನ, ಶವಸಂಸ್ಕಾರ ಯಾವ ಹೊತ್ತಿಗಿದೆ ಅಂತ ಕೇಳ್ಕೊಳ್ಳಿ, ಇದ್ರೆ ಬಸ್ಸನ್ನ ಮೊದಲು ಸ್ಮಾರಕದ ಕಡೆ ತಿರುಗಿಸಿ. ನಮ್ಮ ದೇವಸ್ಥಾನದ ಗರ್ಭಗುಡಿ ಮುಂದೆ ಮಂಗಳಾರತಿ ಹೊತ್ತಿಗೆ ಯಾರಾದ್ರೂ ಸೆಲ್ಫಿ ಸ್ಟಿಕ್ ಎತ್ತಿದ್ರೆ ನಮಗೆ ಹೇಗಾಗುತ್ತೆ ಅಂತ ಬಸ್ ಇಳಿಯೋ ಮುಂಚೆ ಒಂದು ಮಾತು ಹೇಳಿದ್ರೆ ನಮ್ಮವರು ಕೇಳ್ತಾರೆ, ನಮ್ಮವರು ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಸಿಮಿತ್ರಿಯಲ್ಲಿ ಪೀಠ ಹತ್ತೋದು ಮಾತ್ರ ಖಂಡಿತ ನಿಲ್ಲಬೇಕು.

ಇನ್ನೊಂದು ಕೋರಿಕೆ, ಇದು ಆಗಲೇಬೇಕು ಅಂತ ಹಠ ಇಲ್ಲ. ಚರ್ಚ್ ಒಳಗೆ ಹೋದಾಗ, ಅಲ್ಲಿನವರ ಅನುಮತಿ ತಗೊಂಡು, ನಮ್ಮ ಕನ್ನಡ ಶಾಲೆಯ ಒಂದು ಮಗು ಕೈಲಿ ಒಂದೈದು ಹೆಸರು ಓದಿಸಿ. ಜೋಸೆಫ್ ಬ್ರೂಸಾರ್, ಅಲೆಕ್ಸಾಂಡರ್ ಬ್ರೂಸಾರ್, ಹೀಗೆ 1765ರಲ್ಲಿ ಬಂದವರದ್ದು, ಜೊತೆಗೆ ಆ ರಿಜಿಸ್ಟರಲ್ಲಿ ಮನೆತನದ ಹೆಸರಿಲ್ಲದೆ ಉಳಿದ ಒಬ್ಬರದ್ದಾದ್ರೂ. ಎರಡು ನಿಮಿಷದ ಕೆಲಸ.

ಹೊಸ ಕರಪತ್ರ ಬರೆಯೋ ಕೆಲಸ ನನಗೆ ಕೊಟ್ಟರೆ ಸಂತೋಷದಿಂದ ಮಾಡಿಕೊಡ್ತೀನಿ, ಒಂದು ಹಾಳೆಯ ಎರಡೂ ಕಡೆ ಹಿಡಿಸೋ ಹಾಗೆ ಈಗಾಗಲೇ ಕರಡು ಮಾಡಿಟ್ಟಿದ್ದೀನಿ, ನಿಮ್ಮಲ್ಲಿ ಗೊತ್ತಿರೋರು ತಿದ್ದಬಹುದು, ನನ್ನ ಹೆಸರು ಹಾಕೋದು ಬೇಡ. ನನ್ನ ವೀಸಾ ಇನ್ನು ಏಳು ವಾರ ಇದೆ. ಅಷ್ಟರೊಳಗೆ ಇನ್ನೊಂದು ಬಸ್ಸು ಹೊರಟರೆ ನನಗೊಂದು ಸೀಟು ಇಡಿ, ದುಡ್ಡು ಈಗಲೇ ಕಳಿಸ್ತೀನಿ. ಆ ಮೇಣದಬತ್ತಿ ಹಿಡ್ಕೊಂಡಿದ್ದ ಅಜ್ಜನನ್ನ ಹುಡುಕಿ ನಮ್ಮೆಲ್ಲರ ಪರವಾಗಿ ತಪ್ಪಾಯ್ತು ಅಂತ ಹೇಳೋದು ಬಾಕಿ ಇದೆ, ಎರಡನೇ ಸಲ ಹೋದಾಗ ಅವರು ಸಿಗಲಿಲ್ಲ.

ಇಂತಿ ನಿಮ್ಮ ಹಿತೈಷಿ,
ನಿಮ್ಮ ಬಸ್ಸಲ್ಲಿ ಬಂದಿದ್ದ ಒಬ್ಬ ನಿವೃತ್ತ ಶಿಕ್ಷಕಿ
ಹ್ಯೂಸ್ಟನ್